ಒಂದೇ ಸಾಲಿನ ಪಟ್ಟಿ

ತಿಲಕನ ಮೆಸೇಜನ್ನು ವಾಸಿಫ್ ಮೂರನೇ ಸಲ ಓದಿದ. ‘ಅಣ್ಣ, ನಿಮ್ ಪ್ಯಾಕೇಜು ಯಾಕೆ ಇಷ್ಟು ದಪ್ಪ ಆಗೈತೆ? ನಲವತ್ತೊಂದು ಎಂಬಿ.’ ಕೊನೆಗೊಂದು ನಗುವ ಮುಖ. ಆ ನಗುವ ಮುಖದಲ್ಲಿ ಏನಾದರೂ ಇದೆಯೇ, ಅಥವಾ ಎಲ್ಲರಿಗೂ ಕಳಿಸುವಂಥದ್ದೇ ಒಂದೋ ಎಂದು ಯೋಚಿಸುತ್ತ ಅವನು ದೋಸೆಯ ತುಂಡನ್ನು ಚಟ್ನಿಯಲ್ಲಿ ಅದ್ದಿ ಹಾಗೇ ಬಿಟ್ಟ. ಶನಿವಾರ ಸಂಜೆ, ಯಾರು ಬೇಕಾದರೂ ಇಳಿಸಿಕೊಳ್ಳಲೆಂದು ತಾನು ಜಗತ್ತಿಗೆ ಬಿಟ್ಟ ಸಾಫ್ಟ್‌ವೇರ್ ಪ್ಯಾಕೇಜು ಎಂಬತ್ತು ಕೆಬಿ ಮೀರಬಾರದು. ಬರೀ ಜಾವಾಸ್ಕ್ರಿಪ್ಟು, ಬರೀ ಅಕ್ಷರ. ಅಕ್ಷರಕ್ಕೆಲ್ಲಿಂದ ಅಷ್ಟು ತೂಕ ಬರಬೇಕು? ಮೂವತ್ತು ವರ್ಷ ತಕ್ಕಡಿ ರಿಪೇರಿ ಮಾಡಿದ ಮನೆಯ ಮಗ ಅವನು. ತೂಕ ಹೆಚ್ಚಾದರೆ ತಟ್ಟೆಯ ಮೇಲೆ ಏನೋ ಕೂತಿದೆ ಎಂದೇ ಅರ್ಥ ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ಏನು ಕೂತಿದೆ ಎಂಬುದೂ ಗೊತ್ತಾಗಿಬಿಟ್ಟಿತ್ತು. ಗೊತ್ತಾದದ್ದನ್ನು ಇನ್ನೊಂದು ನಿಮಿಷ ಗೊತ್ತಿಲ್ಲದ ಹಾಗೆ ಇಟ್ಟುಕೊಳ್ಳಲು ಅವನು ಮೆಸೇಜನ್ನು ನಾಲ್ಕನೇ ಸಲ ಓದಿದ. ಹೆಂಡತಿ ಫಾಮಿದಾ ಇನ್ನೊಂದು ದೋಸೆ ತಂದವಳು ನಿಂತು ನೋಡಿ, “ಏನ್ರೀ, ಮುಖ ಪರೀಕ್ಷೆ ಫೇಲಾದೋರ ಥರ ಮಾಡ್ಕೊಂಡಿದ್ದೀರ. ಚಟ್ನಿಗೆ ಉಪ್ಪು ಜಾಸ್ತಿ ಆಯ್ತಾ?” ಅಂದಳು. ಅವನು ಇಲ್ಲ ಎಂದು ತಲೆಯಾಡಿಸಿ, ಕೈ ಕೂಡ ತೊಳೆಯದೆ ಎಡಗೈಯಲ್ಲೇ ಲ್ಯಾಪ್‌ಟಾಪ್ ತೆರೆದ.

ಪ್ಯಾಕೇಜಿನ ಒಳಗೆ ಏನೇನು ಹೋಗುತ್ತದೆ ಎಂದು ಮುಂಚೆಯೇ ತೋರಿಸಲು ಒಂದು ಆಜ್ಞೆಯಿದೆ. ಕಳಿಸುವ ಮುಂಚೆ ಬರೆಯಬೇಕಾದ ಆ ಆಜ್ಞೆಯನ್ನು ಅವನು ಕಳಿಸಿ ಎರಡು ದಿನವಾದ ಮೇಲೆ ಈಗ ಬರೆದ. ಸಾಲುಗಳು ಇಳಿದವು. ತಿಮ್ಮಕ್ಕ ಒಂದು, ತಿಮ್ಮಕ್ಕ ಎರಡು. ಚಿಕ್ಕಗೌರಮ್ಮ ಒಂದು. ಅಂಕಮ್ಮ ಒಂದು, ಅಂಕಮ್ಮ ಎರಡು, ಅಂಕಮ್ಮ ಮೂರು. ಅವರ ಮಾತುಗಳನ್ನು ರೆಕಾರ್ಡು ಮಾಡಿಟ್ಟು ಧ್ವನಿ ಅಂತ ತಾನೇ ಹೆಸರಿಟ್ಟಿದ್ದ ಫೋಲ್ಡರು ಬುಡಸಮೇತ ಪ್ಯಾಕೇಜಿನೊಳಗೆ ಹೋಗಿತ್ತು. ಪ್ಯಾಕೇಜಿನ ಪುಟದಲ್ಲಿ, ಈ ಆವೃತ್ತಿಯನ್ನು ಮೂವತ್ತೊಂದು ಸಲ ಇಳಿಸಿಕೊಂಡಿದ್ದಾರೆ ಎಂದು ಇತ್ತು. ಬೇರೆ ದಿನವಾಗಿದ್ದರೆ ಆ ಮೂವತ್ತೊಂದನ್ನು ಅವನು ಫಾಮಿದಾಗೆ ತೋರಿಸುತ್ತಿದ್ದ.

ಆ ಪ್ಯಾಕೇಜು ಮಾಡುವ ಕೆಲಸ ಸಣ್ಣದು. ಬಾಯಲ್ಲಿ ಎಣಿಸಿದ್ದನ್ನು ಅಂಕಿಯಾಗಿ ಬರೆಯುತ್ತದೆ. ಊರಿನ ಎಣಿಕೆ ಪುಸ್ತಕದ ಎಣಿಕೆಯಲ್ಲವಲ್ಲ. ಮಂಡಿಯಲ್ಲಿ ಕೊಬ್ಬರಿ ಆಯುವ ಹೆಂಗಸರು ಮಂಕರಿಯಿಂದ ಚೀಲಕ್ಕೆ ಸುರಿಯುವಾಗ ಒಂದು ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಲಾಭ, ಎರಡು, ಮೂರು ಎಂದು ಸಾಗುತ್ತದೆ. ಅರೆ ಮಂಕರಿ, ಮುಕ್ಕಾಲು, ಕೊಸರು ಎಂದೆಲ್ಲ ಬರುತ್ತವೆ. ದೊಡ್ಡ ಕಂಪನಿಗಳ ಯಂತ್ರಕ್ಕೆ ಲಾಭ ಎಂದರೆ ಒಂದು ಎಂದು ಯಾರು ಹೇಳಬೇಕು? ವಾಸಿಫ್ ಹೇಳಿದ. ಪಿಯುಸಿ ಎರಡು ಸಲ ಕಟ್ಟಿ ಬಿಟ್ಟವನು, ತಿಪಟೂರು ಬಸ್‌ಸ್ಟ್ಯಾಂಡ್ ಹಿಂದಿನ ತಕ್ಕಡಿ ಅಂಗಡಿಯಲ್ಲಿ ಕೂತು, ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತು, ಹೇಳಿದ. ಹೇಳಬೇಕಾದರೆ ಮೊದಲು ತಾನು ಕೇಳಬೇಕಿತ್ತು. ಹಾಗಾಗಿ ಆರು ತಿಂಗಳು ಫೋನನ್ನು ಕೊಬ್ಬರಿ ರಾಶಿಯ ಪಕ್ಕ ಇಟ್ಟು ಕೂತ. ಎಣಿಕೆಗಿಂತ ಮಾತೇ ಹೆಚ್ಚು ಸಿಕ್ಕಿತು. ಅವನಿಗೆ ಅದೇ ಇಷ್ಟ. ಯಾರ ದನಿ ಎಲ್ಲಿ ಏರುತ್ತದೆ, ಯಾರು ನಗುವ ಮುಂಚೆ ಮೂಗಿನಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಇದನ್ನೆಲ್ಲ ಅವನು ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಮತ್ತೆ ಮತ್ತೆ ಕೇಳುತ್ತಿದ್ದ. ಅಳಿಸಬೇಕಾದ್ದನ್ನು ಅಳಿಸದೆ ಉಳಿಸಿಕೊಂಡದ್ದು ಹೀಗೆ. ಕೆಲಸಕ್ಕೆ ಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಅಂಕಮ್ಮ ಮೂರು, ಹನ್ನೊಂದು ನಿಮಿಷದ್ದು. ಅದನ್ನು ತೆರೆಯದೆಯೇ ಅವನಿಗೆ ಕೇಳಿಸುತ್ತಿತ್ತು. ಆರನೇ ನಿಮಿಷದಲ್ಲಿ ಅವನು ಕೇಳುತ್ತಾನೆ, ಅಂಕಮ್ಮ, ನೀವು ಒಂದೊಂದನ್ನೂ ಮೂಗಿನ ಹತ್ರ ಯಾಕೆ ಹಿಡೀತೀರ, ಬೇರೆಯವರು ಕಣ್ಣಲ್ಲೇ ನೋಡಿ ಎಸೀತಾರಲ್ಲ. ಮಂಕರಿಯೊಂದು ಚೀಲಕ್ಕೆ ಬೀಳುವ ಸದ್ದು. ಆಮೇಲೆ ಅವಳ ತಗ್ಗಿದ ದನಿ: “ಕಣ್ಣು ಎಲ್ಲೈತೆ ಕಣಪ್ಪ. ಎಡಗಡೇದು ಪೂರ್ತಿ ಹೋಗಿ ಎರಡು ವರ್ಷ ಆಯ್ತು, ಬಲಗಡೇದ್ರಾಗೆ ಬರೀ ಹೊಗೆ. ಆಪರೇಶನ್ ಮಾಡ್ಸಿದ್ದು ಕೂಡ್ಲಿಲ್ಲ. ಕೌಟು ಕೊಬ್ಬರಿ ವಾಸ್ನೇಲಿ ಸಿಕ್ತದೆ, ಅಂಗೈಲಿ ಉಳ್ಳಾಡ್ಸಿದ್ರೆ ಸಿಕ್ತದೆ. ಈ ಹುಡುಗೀರು ಕೆಟ್ಟದ್ದ ಆರ್ಸಿ ಎಸೀತಾರೆ, ಎಲ್ಲೋ ಒಂದು ತಪ್ಪುಸ್ಕೊಂಡು ಚೀಲಕ್ಕೆ ಹೋಗೇ ಹೋಗ್ತದೆ. ನಾನು ಹಂಗಲ್ಲ. ಮೂಸಿ ನೋಡಿ ಒಳ್ಳೇದು ಅಂತ ಗ್ಯಾರಂಟಿ ಆದ್ರಷ್ಟೇ ಚೀಲಕ್ಕೆ. ಮಿಕ್ಕಿದ್ದೆಲ್ಲ ಅಲ್ಲೇ ಬಿದ್ದಿರ್ತದೆ, ಅದರ ಉಸಾಬರಿ ನಂಗ್ಯಾಕೆ.” ಆಮೇಲೆ: “ಇದ ಯಾರ್ಗೂ ಹೇಳಬ್ಯಾಡ. ಹೇಳಿದ್ರೆ ನಾಳೆಯಿಂದ ನಂಗೆ ಕಸ ಗುಡ್ಸೋ ಕೆಲ್ಸ, ಅದೂ ಇದ್ರೆ.” ಆಮೇಲೆ ಅವನದೇ ದನಿ, ಬಹಳ ಹತ್ತಿರದಿಂದ, ತುಂಬು ಭರವಸೆಯ ದನಿ: “ಇಲ್ಲಮ್ಮ, ನನ್ನ ಬಾಯಿಂದ ಯಾರ್ಗೂ ಹೋಗಲ್ಲ.” ಆ ಮಾತೂ ಪ್ಯಾಕೇಜಿನಲ್ಲಿತ್ತು. ಕೊಟ್ಟ ಮಾತನ್ನು ಮುರಿದದ್ದಷ್ಟೇ ಅಲ್ಲ, ಕೊಟ್ಟದ್ದಕ್ಕೆ ಸಾಕ್ಷಿಯನ್ನೂ ಜೊತೆಗೇ ಕಟ್ಟಿ ಕಳಿಸಿದ್ದ.

ಹೇಗೆ ಹೋಯಿತು ಎಂಬುದು ಹೇಳಲಿಕ್ಕೇ ನಾಚಿಕೆಯಾಗುವಂಥದ್ದು. ಮೊದಲ ದಿನದಿಂದಲೂ ಅವನ ಹತ್ತಿರ ಒಂದು ಪಟ್ಟಿಯಿತ್ತು, ಯಾವುದು ಹೊರಗೆ ಹೋಗಬಾರದು ಎಂಬ ಪಟ್ಟಿ. ಅದರ ಮೊದಲ ಸಾಲೇ ಧ್ವನಿ. ಪ್ಯಾಕೇಜು ಕಟ್ಟುವ ಯಂತ್ರ ಆ ಪಟ್ಟಿಯನ್ನು ನೋಡಿ ಧ್ವನಿಯನ್ನು ಬಿಟ್ಟು ಕಟ್ಟುತ್ತಿತ್ತು. ಶನಿವಾರ ಅವನಿಗೆ ಇನ್ನೊಂದನ್ನು ಮುಚ್ಚಿಡಬೇಕೆನ್ನಿಸಿತು. ಹಿಂದೊಮ್ಮೆ ಯಾವ ದೇಶದವನೋ ಒಬ್ಬ ಅವನ ವಿವರಣೆಯ ಇಂಗ್ಲಿಷ್ ಓದಿ, ಇದನ್ನು ಬರೆದದ್ದು ಮನುಷ್ಯನೋ ತಕ್ಕಡಿಯೋ ಎಂದು ಕಾಮೆಂಟು ಹಾಕಿದ್ದ. ವಾಸಿಫ್ ಅದಕ್ಕೆ ಉತ್ತರ ಬರೆಯಲು ಹೋಗಿ, ಅದೂ ತಪ್ಪಾಗಬಹುದೆಂದು ಅಳಿಸಿ, ರಾತ್ರಿ ಸರಿಯಾಗಿ ಊಟ ಮಾಡಿರಲಿಲ್ಲ. ಅಂದಿನಿಂದ ಒಂದು ಕರಡು ಫೈಲು ಮಾಡಿಕೊಂಡಿದ್ದ: ಮೇಲೆ ಕನ್ನಡ ವಾಕ್ಯ, ಕೆಳಗೆ ಅದರ ಇಂಗ್ಲಿಷು, ಹೊಡೆದು ಹಾಕಿದ್ದು, ಮತ್ತೆ ಬರೆದದ್ದು, ಪಕ್ಕದಲ್ಲಿ ‘ಇಲ್ಲಿ ಇಸ್ಸೋ ಆರೋ’ ಎಂಬ ಪ್ರಶ್ನೆ. ಅದು ಯಾರ ಕಣ್ಣಿಗೂ ಬೀಳಕೂಡದು ಎಂದು ಪ್ಯಾಕೇಜಿಗಷ್ಟೇ ಬೇರೆ ಪಟ್ಟಿಯೊಂದನ್ನು ಮಾಡಿ ಅದರಲ್ಲಿ ಒಂದೇ ಒಂದು ಸಾಲು ಬರೆದ, ಆ ಕರಡಿನ ಹೆಸರು. ಹಳೆಯ ಪಟ್ಟಿಯ ಜೊತೆಗೆ ಇದೂ ಸೇರುತ್ತದೆ ಎಂದುಕೊಂಡಿದ್ದ. ಸೇರುವುದಿಲ್ಲ. ಹೊಸ ಪಟ್ಟಿ ಕಂಡ ಮೇಲೆ ಯಂತ್ರ ಹಳೆಯದರ ಕಡೆ ತಿರುಗಿಯೂ ನೋಡುವುದಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ. ಈಗ ಹುಡುಕಿದರೆ ಎಲ್ಲೆಲ್ಲೂ ಬರೆದಿದ್ದರು. ಅವನ ಕೆಟ್ಟ ಇಂಗ್ಲಿಷು ಭದ್ರವಾಗಿ ಮನೆಯಲ್ಲೇ ಉಳಿದಿತ್ತು. ಅಂಕಮ್ಮನ ಕಣ್ಣು ಊರೂರು ಸುತ್ತುತ್ತಿತ್ತು.

ಎರಡೂ ಪಟ್ಟಿಗಳನ್ನು ಬಿಟ್ಟು, ಅವನು ಈ ಸಲ ಹೋಗಬೇಕಾದ್ದರ ಹೆಸರನ್ನಷ್ಟೇ ಬರೆದ. ಮೂರು ಹೆಸರು. ಮೂರರ ಹೊರಗಿನದೆಲ್ಲ ಅಲ್ಲೇ ಬಿದ್ದಿರಲಿ. ಅಂಕಮ್ಮನ ಆ ಮಾತನ್ನು ತಾನು ಇಪ್ಪತ್ತು ಸಲವಾದರೂ ಕೇಳಿದ್ದೆ, ‘ಗ್ಯಾರಂಟಿ’ ಎನ್ನುವಾಗ ಅವಳ ದನಿ ಹೇಗೆ ಗಟ್ಟಿಯಾಗುತ್ತದೆ ಎಂದು ಗಮನಿಸಿದ್ದೆ, ಹೇಳಿದ್ದು ಮಾತ್ರ ತಲೆಗೆ ಹೋಗಿರಲಿಲ್ಲ ಎಂಬುದು ಬೆರಳು ಒತ್ತುವಾಗ ಹೊಳೆಯಿತು. ಹಳೆಯ ಆವೃತ್ತಿಯನ್ನು ಪುಟದಿಂದ ತೆಗೆಸಿದ. ಎಪ್ಪತ್ತೆರಡು ಗಂಟೆಯೊಳಗಾದ್ದರಿಂದ ತೆಗೆಯಲು ಆಯಿತು. ಇಳಿಸಿಕೊಂಡವರ ಮನೆಯಿಂದ ಅದು ಎದ್ದು ಬರುವುದಿಲ್ಲ, ನಿಜ. ಆದರೆ ಆ ಮೂವತ್ತೊಂದರಲ್ಲಿ ಮುಕ್ಕಾಲು ಪಾಲು ತಾವಾಗೇ ಪ್ರತಿ ಎತ್ತಿಡುವ ಯಂತ್ರಗಳು, ಅವುಗಳಿಗೆ ಅಂಕಮ್ಮ ಯಾರೋ ಏನೋ. ಕನ್ನಡ ಬರುವ, ಅಂಕಮ್ಮನನ್ನು ಬಲ್ಲ ಒಬ್ಬನೇ ಒಬ್ಬ ಅದನ್ನು ಇಳಿಸಿಕೊಂಡಿದ್ದ. ಅವನೇ ತಿಲಕ, ಅಂಕಮ್ಮ ಕೆಲಸ ಮಾಡುವ ಮಂಡಿಯ ಯಜಮಾನರ ಅಕ್ಕನ ಮಗ, ಅಲ್ಲಿನ ಕಂಪ್ಯೂಟರು ನೋಡಿಕೊಳ್ಳುವವನು.

ಎಪಿಎಂಸಿ ಯಾರ್ಡಿಗೆ ಬೈಕಿನಲ್ಲಿ ಎಂಟು ನಿಮಿಷ. ಗೇಟಿನಲ್ಲಿ ಲಾರಿ ಅಡ್ಡ ನಿಂತಿತ್ತು. ಬಾಗೇಪಲ್ಲಿಯ ಚಾಲಕನೊಬ್ಬ ಹಿಂದೆ ತೆಗೆಯುವುದೋ ಮುಂದೆ ತೆಗೆಯುವುದೋ ತಿಳಿಯದೆ ಎರಡನ್ನೂ ಮಾಡುತ್ತಿದ್ದ. ವಾಸಿಫ್ ನಿಂತ. ಅಪ್ಪ ಖಾಸಿಂ ಸಾಬರು ಇದೇ ಗೇಟಿನಲ್ಲಿ ಸೈಕಲ್ಲಿಗೆ ತೂಕದ ಬಟ್ಟುಗಳ ಚೀಲ ನೇತುಹಾಕಿಕೊಂಡು ಬರುತ್ತಿದ್ದರು. ಒಂದು ಮಂಡಿಯ ತಕ್ಕಡಿ ಎಷ್ಟು ಓಲುತ್ತದೆ ಎಂದು ಇನ್ನೊಂದು ಮಂಡಿಯವರು ಟೀ ತರಿಸಿ ಕೇಳಿದರೆ, ಟೀ ಕುಡಿದು, ಮಳೆಯ ವಿಷಯ ಮಾತಾಡಿ ಎದ್ದುಬಿಡುತ್ತಿದ್ದರು. ಸಾಬರ ಹೊಟ್ಟೆಗೆ ಹೋದದ್ದು ಹೊರಗೆ ಬರಲ್ಲ ಎಂದು ಯಾರ್ಡಿನಲ್ಲಿ ಹೆಸರಾಗಿತ್ತು. ಅಂಕಮ್ಮ ತನಗೆ ಹೇಳಿಕೊಂಡದ್ದು ತನ್ನ ಮುಖ ನೋಡಿಯಲ್ಲ, ಅವಳಿಗೆ ಮುಖವೇ ಕಾಣದು; ಅವಳು ಹೇಳಿದ್ದು ಖಾಸಿಂ ಸಾಬರ ಮಗನಿಗೆ. ಹಿಂದಿನ ಬೈಕಿನವನು ಹಾರನ್ ಹೊಡೆದ. ಲಾರಿ ಯಾವಾಗಲೋ ಸರಿದುಹೋಗಿತ್ತು.

ಮಂಡಿಯ ಆಫೀಸಿನಲ್ಲಿ ಯಜಮಾನರು ಮೋಹನ್ ಕುಮಾರ್ ಬೆಂಚಿನ ತುದಿಯಲ್ಲಿ ಕೂತು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: “ನೋಡ್ದಲೇ ತಗಳ್ರೀ. ಅಂಕಮ್ಮನ ಕಣ್ಣಲ್ಲಿ ಆಯ್ದ ಮಾಲು ಕಣ್ರೀ ಇದು. ಒಂದು ಕೌಟು ಸಿಕ್ಕಿದ್ರೆ ಚೀಲನೇ ವಾಪಸ್ ಕಳ್ಸಿ.” ವಾಸಿಫ್‌ಗೆ ಕೂರು ಎಂದು ಕಣ್ಣಲ್ಲೇ ಹೇಳಿದರು. ಒಳಗಿನ ಮೇಜಿನಲ್ಲಿ ತಿಲಕ, ಇಪ್ಪತ್ತಾರರ ಹುಡುಗ, ಕಂಪ್ಯೂಟರಿನ ಮುಂದೆ ಕುರ್ಚಿ ತಿರುಗಿಸಿಕೊಂಡು ನಕ್ಕ. “ಬಂದ್ರಾ ಅಣ್ಣ. ಫೋನ್ ಮಾಡಿದ್ರೆ ಸಾಕಾಗಿತ್ತು. ಒಳಗೆ ಆಡಿಯೊ ಎಲ್ಲ ತುಂಬ್ಬಿಟ್ಟಿದೀರಲ್ಲ, ಬೇಕಂತಲೇ ಹಾಕಿದ್ದಾ?”

“ಇಲ್ಲಪ್ಪ, ಕೈತಪ್ಪಿ ಹೋಗಿದೆ. ಹೊಸದು ಬಿಟ್ಟಿದೀನಿ, ಒಂದ್ನಿಮಿಷ ಎದ್ದೇಳು, ಹಾಕ್ಕೊಡ್ತೀನಿ.”

“ತಿಮ್ಮಕ್ಕಂದು ಕೇಳ್ದೆ ಕಣಣ್ಣ. ಮೂವತ್ತಾದ್ಮೇಲೆ ಮರ್ತು ಮತ್ತೆ ಇಪ್ಪತ್ತೆಂಟಕ್ಕೆ ಬತ್ತಾಳೆ, ನಕ್ಕೂ ನಕ್ಕೂ ಸಾಕಾಯ್ತು.”

ಬೇರೆ ಯಾರದು ಕೇಳಿದೆ ಎಂದು ಕೇಳಬೇಕು. ಕೇಳಿದರೆ ಯಾಕೆ ಕೇಳಿದಿರಿ ಎಂದು ಅವನು ಕೇಳುತ್ತಾನೆ. ವಾಸಿಫ್ ಕುರ್ಚಿಯಲ್ಲಿ ಕೂತು, ಹಳೆಯ ಆವೃತ್ತಿಯನ್ನು ತೆಗೆದು, ಹೊಸದನ್ನು ಇಳಿಸಿದ. ಎಂಬತ್ತು ಕೆಬಿ. ಕಂಪ್ಯೂಟರಿನ ಮೂಲೆಮೂಲೆ ಹುಡುಕಿದ, ಧ್ವನಿ ಎಂಬ ಫೋಲ್ಡರು ಎಲ್ಲೂ ಇರಲಿಲ್ಲ. ಬೆನ್ನಿನ ಮೇಲಿನ ಬೆವರು ತಣ್ಣಗಾಗುವುದು ಗೊತ್ತಾಯಿತು. ಮುಗಿಯಿತು, ಇನ್ನು ಎದ್ದು ಟೀ ಕುಡಿದು ಹೋಗಬಹುದು, ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಮನಸ್ಸು ಹೇಳಿದ್ದೇ ತಡ, ತಿಲಕ ಹಿಂದಿನಿಂದ, “ಮಜವಾಗಿದ್ವು ಅಂತ ಮೂರು ನಾಕು ನಮ್ ಮಂಡಿ ಗ್ರೂಪಿಗೂ ಹಾಕ್ದೆ,” ಅಂದ.

“ಯಾವ್ಯಾವು?”

“ನೋಡ್ಲಿಲ್ಲಣ್ಣ, ಕೈಗೆ ಸಿಕ್ಕಿದ್ದು ಹಾಕ್ದೆ. ಮಧ್ಯಾಹ್ನ ಊಟದೊತ್ಗೆ ಮಾವಂಗೂ ಕೇಳ್ಸಣಾಂತ.”

ತಿಲಕ ಫೋನು ಕೊಟ್ಟ. ವಾಟ್ಸಾಪ್ ಗ್ರೂಪಿನಲ್ಲಿ ನಲವತ್ತೆರಡು ಜನ. ತಿಮ್ಮಕ್ಕ ಎರಡು. ಚಿಕ್ಕಗೌರಮ್ಮ ಒಂದು. ಅಂಕಮ್ಮ ಮೂರು. ಕಳಿಸಿ ನಲವತ್ತು ನಿಮಿಷವಾಗಿತ್ತು. ಅದನ್ನು ಯಾರು ನೋಡಿದ್ದಾರೆ ಎಂದು ಒತ್ತಿದಾಗ ಆರು ಹೆಸರು ಬಂದವು. ನೋಡಿದ್ದು ಎಂದರೆ ಕಣ್ಣಿಗೆ ಬಿದ್ದದ್ದು. ಕೇಳಿದವರು ಯಾರೂ ಇಲ್ಲದಿರಬಹುದು, ಆರೂ ಜನ ಇರಬಹುದು, ಆರನೇ ನಿಮಿಷದ ತನಕ ತಾಳ್ಮೆಯಿದ್ದವನು ಒಬ್ಬನೇ ಇದ್ದರೂ ಸಾಕು. “ಅಳ್ಸಪ್ಪ,” ಅಂದ ವಾಸಿಫ್. “ಎಲ್ರಿಗೂ ಅಳ್ಸು. ಅವ್ರನ್ನ ಕೇಳ್ದಲೇ ಹಾಕ್ಬಾರ್ದು.” ದನಿ ತಾನೆಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ತಿಲಕ ಅಳಿಸಿದ. ಅಳಿಸಿದ ಜಾಗದಲ್ಲಿ, ಈ ಸಂದೇಶವನ್ನು ಅಳಿಸಲಾಗಿದೆ ಎಂಬ ಸಾಲು ಮೂರು ಸಲ ಕೂತಿತು, ಮೊದಲಿದ್ದ ಹೆಸರಿಗಿಂತ ಹೆಚ್ಚು ಕಣ್ಣಿಗೆ ಹೊಡೆಯುವ ಹಾಗೆ. ಮೋಹನ್ ಕುಮಾರ್ ಫೋನು ಕೆಳಗಿಟ್ಟು, “ಏನಪ್ಪ ಅಂಥಾದ್ದು ಅದ್ರಲ್ಲಿ? ನನ್ನ ಬೈದವ್ರಾ?” ಎಂದು ನಕ್ಕರು. ವಾಸಿಫ್ ಕೂಡ ನಕ್ಕ. ಆ ನಗುವನ್ನು ಮುಖದ ಮೇಲಿಂದ ಎಲ್ಲಿ ಇಳಿಸಬೇಕೋ ತಿಳಿಯದೆ ಹಾಗೇ ಹೊತ್ತುಕೊಂಡು ಹೊರಗೆ ಬಂದ.

ಬೈಕು ಎಡಗಡೆಗಿತ್ತು. ಕೊಬ್ಬರಿ ರಾಶಿ ಬಲಗಡೆಗೆ, ತಗಡಿನ ಚಾವಣಿಯ ಕೆಳಗೆ. ನಾಲ್ಕು ಹೆಂಗಸರು ಕೂತಿದ್ದರು. ತಿಮ್ಮಕ್ಕ ಫೋನಿನಲ್ಲಿ ಮಗಳ ಜೊತೆ ಜಗಳ ಮಾಡುತ್ತಿದ್ದಳು. ಅಂಕಮ್ಮ ಕೊನೆಯಲ್ಲಿ, ಕಂಬಕ್ಕೆ ಒರಗಿ, ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಂದು ಕೊಬ್ಬರಿಯನ್ನು ಅಂಗೈಯಲ್ಲಿ ಉರುಳಿಸಿ, ಬೆವರು ಒರೆಸಿಕೊಳ್ಳುವವಳ ಹಾಗೆ ಮೂಗಿನ ಹತ್ತಿರ ತಂದು ಇಳಿಸುತ್ತಿದ್ದಳು. ಎಷ್ಟು ಸಹಜವಾಗಿತ್ತೆಂದರೆ ಗೊತ್ತಿಲ್ಲದವರಿಗೆ ಕಾಣುವಂತೆಯೇ ಇರಲಿಲ್ಲ. ಎರಡು ವರ್ಷದಲ್ಲಿ ಅವಳು ಆ ಒಂದು ಕೈಯಾಟವನ್ನು ಎಷ್ಟು ಸಾವಿರ ಸಲ ಮಾಡಿ ಮಾಡಿ ತೇಯ್ದಿರಬೇಕು. ಈಗಲೇ ಬೇಡ, ಆ ಆರು ಜನ ಯಾರೆಂದು ತಿಳಿದ ಮೇಲೆ, ಸಂಜೆ, ನಾಳೆ ಎಂದುಕೊಂಡು ವಾಸಿಫ್ ಎಡಕ್ಕೆ ಹೆಜ್ಜೆಯಿಟ್ಟ.

“ಯಾಕ್ಲಾ ಸಾಬ್ರ ಮಗ, ಬಂದೋನು ಮಾತಾಡ್ಸದಂಗೆ ಹೋಯ್ತಿದ್ದೀಯ? ಚಪ್ಲಿ ಎಳ್ಕೊಂಡು ನಡೆಯೋನು ಈ ಯಾರ್ಡ್ನಾಗೆ ನೀನೊಬ್ನೇ ಕಣಪ್ಪ.”

ಅವನು ಹೋಗಿ ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತ. ಪ್ಯಾಕೇಜು, ಪಟ್ಟಿ, ಆವೃತ್ತಿ ಎಂದೇನೋ ತಡವರಿಸಿದ. ಅವಳು ಕೈ ನಿಲ್ಲಿಸದೆ ಕೇಳಿಸಿಕೊಂಡಳು. “ನಂಗೆ ಅರ್ಥ ಆಗೋ ಹಂಗೆ ಹೇಳು,” ಅಂದಳು. ಆಗ ಅವನು, ನೀವು ಕಣ್ಣಿನ ವಿಷಯ ಹೇಳಿದ್ದು ನನ್ನ ಫೋನಿನಲ್ಲಿ ಉಳಿದಿತ್ತು, ನಾನು ಬೇರೆ ಸಾಮಾನು ಕಳಿಸುವಾಗ ನೋಡದೆ ಅದನ್ನೂ ತುಂಬಿ ಕಳಿಸಿಬಿಟ್ಟೆ, ಮಂಡಿ ಗ್ರೂಪಿಗೆ ಬಂದಿತ್ತು, ಆರು ಜನರ ಕಣ್ಣಿಗೆ ಬಿದ್ದಿದೆ, ಅಳಿಸಿದ್ದೇನೆ, ಆದರೆ ಕೇಳಿದ್ದಾರೋ ಇಲ್ಲವೋ ಗೊತ್ತಿಲ್ಲ ಎಂದ. ಅವಳ ಕೈ ನಿಂತಿತು. ಪಕ್ಕದಲ್ಲಿ ತಿಮ್ಮಕ್ಕ ಮಗಳಿಗೆ, ನೀನು ಬರಲೂಬೇಡ ನಿನ್ನ ಸೀರೆಯೂ ಬೇಡ ಅನ್ನುತ್ತಿದ್ದಳು.

“ಹಾಕು,” ಅಂದಳು ಅಂಕಮ್ಮ.

“ಏನು?”

“ನಾ ಮಾತಾಡಿದ್ದು. ಕಿವಿಗೆ ಹಿಡಿ.”

ಅವನು ಫೋನನ್ನು ಅವಳ ಕಿವಿಗೆ ಹಿಡಿದು ಆರನೇ ನಿಮಿಷಕ್ಕೆ ತಂದ. ಕೊಬ್ಬರಿ ಧೂಳು ಕೂತ ಅವಳ ಕೆನ್ನೆ ಅವನ ಬೆರಳಿಗೆ ತಾಕಿತು. ಅವಳಿಗೆ ಕೇಳಿಸುತ್ತಿದ್ದದ್ದು ಅವನಿಗೆ ಕೇಳಿಸುತ್ತಿರಲಿಲ್ಲ, ಆದರೂ ಒಂದೊಂದು ಮಾತೂ ಈಗ ಎಲ್ಲಿಗೆ ಬಂದಿದೆ ಎಂದು ಗೊತ್ತಿತ್ತು. ಈಗ ಹೊಗೆ. ಈಗ ಆಪರೇಶನ್ನು. ಈಗ ಗ್ಯಾರಂಟಿ. ಈಗ ಕಸ ಗುಡಿಸುವ ಕೆಲಸ. ಈಗ ತಾನು. ಆ ಒಂದು ಸಾಲು ಮುಗಿಯುವವರೆಗೆ ಅವನು ಅವಳ ಮುಖದಿಂದ ಕಣ್ಣು ತೆಗೆದು ನೆಲ ನೋಡಿದ. ಅವಳಿಗೆ ಅವನು ನೆಲ ನೋಡಿದ್ದೂ ಕಾಣುವುದಿಲ್ಲ ಎಂಬುದು ಆಮೇಲೆ ನೆನಪಾಯಿತು.

“ನನ್ ದನಿ ಇಷ್ಟು ಒಡ್ಕಾ?” ಅಂದಳು. ಫೋನನ್ನು ಕಿವಿಯಿಂದ ಸರಿಸಿ, “ಯಾರ್ಯಾರು ಆರು ಜನ?”

ಅವನು ನೆನಪಿದ್ದ ನಾಲ್ಕು ಹೆಸರು ಹೇಳಿದ. ಎರಡನೇ ಹೆಸರಿಗೆ ಅವಳು ತಲೆಯಾಡಿಸಿದಳು. “ಅವ್ನು ಕೇಳಿರ್ತಾನೆ ಬುಡು. ಮಧ್ಯಾಹ್ನದೊಳಗೆ ಯಜಮಾನ್ರ ಕಿವಿಗೆ ಬತ್ತದೆ. ಅವ್ನ ಬಾಯಾಗೆ ಬರೋದ್ರಾಗೆ ಇನ್ನೊಂದೆರಡು ಸೇರ್ಕೊಂಡೇ ಬತ್ತದೆ.” ಮಡಿಲಿನ ಧೂಳು ಕೊಡವಿದಳು. ಅವಳು ಬೈಯಲಿ ಎಂದು ವಾಸಿಫ್ ಕಾಯುತ್ತಿದ್ದ. ಬೈದರೆ ಒಂದು ಕಡೆಯಾದರೂ ಮುಗಿಯುತ್ತಿತ್ತು. ಅವಳು ಕಂಬ ಹಿಡಿದು ಎದ್ದು ನಿಂತು, “ನಡಿ,” ಅಂದಳು.

“ಎಲ್ಲಿಗೆ ಅಂಕಮ್ಮ?”

“ಆಪೀಸಿಗೆ. ನೀನೇ ಹೇಳು. ಹೆಂಗೂ ಊರಿಗೆಲ್ಲ ಹೇಳಿ ಬಂದಿದ್ದೀಯ, ಅವರೊಬ್ರು ಯಾಕೆ ಉಳೀಬೇಕು.”

ತಗಡಿನ ನೆರಳಿನಿಂದ ಅಂಗಳ ದಾಟಿ ಆಫೀಸಿನ ಮೆಟ್ಟಿಲ ತನಕ ಅವಳು ಅವನಿಗಿಂತ ಮುಂದೆ, ನೆಟ್ಟಗೆ ನಡೆದಳು. ತಕ್ಕಡಿಯನ್ನು ಸುತ್ತಿ, ಮಲಗಿದ್ದ ನಾಯಿಯನ್ನು ಸುತ್ತಿ ಹೋದಳು. ಯಾರು ನೋಡಿದರೂ ಕಣ್ಣಿರುವ ಹೆಂಗಸೇ. ಮೆಟ್ಟಿಲು ಮುಗಿದು ಹೊಸ್ತಿಲು ಬಂದ ಕೂಡಲೇ ನಿಂತುಬಿಟ್ಟಳು. ಇಪ್ಪತ್ತು ವರ್ಷ ಈ ಮಂಡಿಯಲ್ಲಿ ಕೆಲಸ ಮಾಡಿದ ಅವಳು ಹೊಸ್ತಿಲಾಚೆಗೆ ಯಾವತ್ತೂ ಕಾಲಿಟ್ಟಿರಲಿಲ್ಲ ಎಂಬುದು ವಾಸಿಫ್‌ಗೆ ಆಗ ತಿಳಿಯಿತು.

“ಏನಂಕಮ್ಮ, ಇಲ್ಲಿತನಕ? ಬಾ ಬಾ, ಕೂತ್ಕೊ,” ಎಂದು ಮೋಹನ್ ಕುಮಾರ್ ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯನ್ನು ಕೈಯಲ್ಲಿ ತೋರಿಸಿದರು. ಅವಳು ಎರಡು ಹೆಜ್ಜೆ ಒಳಗಿಟ್ಟಳು. ಬಲಗೈ ಮುಂದೆ ಬಂತು. ಬೆರಳು ಅಗಲಿಸಿಕೊಂಡು ಗಾಳಿಯಲ್ಲಿ ಕುರ್ಚಿಯನ್ನು ಹುಡುಕಿತು. ಮೇಜಿನ ಅಂಚು ಸಿಕ್ಕಿತು, ಟೀ ಲೋಟ ಅಲ್ಲಾಡಿತು, ಕೈ ಹಿಂದಕ್ಕೆ ಬಂದು ಮತ್ತೆ ಚಾಚಿತು. ತಿಲಕ ಕುರ್ಚಿ ತಿರುಗಿಸುವುದನ್ನು ನಿಲ್ಲಿಸಿದ. ಯಜಮಾನರ ಮುಖದ ಮೇಲೆ ಇನ್ನೂ ಇದ್ದ ಅರ್ಧ ನಗು ಎಲ್ಲಿಗೂ ಹೋಗದೆ ಅಲ್ಲೇ ನಿಂತಿತು. ವಾಸಿಫ್ ಮುಂದೆ ಬಂದು ಅವಳ ಮಣಿಕಟ್ಟು ಹಿಡಿದು ಕೈಯನ್ನು ಕುರ್ಚಿಯ ಬೆನ್ನಿಗೆ ತಂದಿಟ್ಟ. ಅವಳು ಕೂರಲಿಲ್ಲ. ಅವನ ಅಂಗಿಯ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, “ಇವ್ನು ಹೇಳ್ತಾನೆ ಕೇಳಿ,” ಅಂದಳು.

“ಅಣ್ಣ,” ಅಂದ ವಾಸಿಫ್. “ಅಂಕಮ್ಮಂಗೆ ಕಣ್ಣು ಕಾಣಲ್ಲ. ಎರಡು ವರ್ಷದಿಂದ.”

ಹೊರಗೆ ಯಾರೋ ಚೀಲ ಎಳೆಯುವ ಸದ್ದು. ಮೋಹನ್ ಕುಮಾರ್ ಅವಳನ್ನೂ, ಬಾಗಿಲಾಚೆ ಹೊಲಿದು ನಿಲ್ಲಿಸಿದ್ದ ಚೀಲಗಳ ಸಾಲನ್ನೂ ನೋಡಿದರು. ಹೇಳಿ ಆಯಿತು ಎಂದುಕೊಂಡ ವಾಸಿಫ್ ತೋಳನ್ನು ಮೆಲ್ಲಗೆ ಬಿಡಿಸಿಕೊಳ್ಳಲು ನೋಡಿದ. ಹಿಡಿತ ಸಡಿಲವಾಗಲಿಲ್ಲ.

“ಅದು ನಂದಾಯ್ತು,” ಅಂದಳು ಅಂಕಮ್ಮ. “ಮಾತು ಕೊಟ್ಟು ಮುರ್ದೆಯಲ್ಲ, ನಿಂದೂ ಹೇಳು.”